ಹತ್ತನೇ ಬರೆದ ಮಕ್ಕಳಿಗೆ ಕಾಲೇಜು ತಯಾರಿ ಬೇಸಿಗೆ ಶಿಬಿರ: ಎಂಟು ದಿನ ಸಾಕಾ? ಏನೇನು ಇಡಬೇಕು?

ಮಾಟುಂಗಾ_ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ಯುವ ವಿಭಾಗದಿಂದ ಈ ಬೇಸಿಗೆಯಲ್ಲಿ ಹತ್ತನೇ ಪರೀಕ್ಷೆ ಬರೆದ ಮಕ್ಕಳಿಗೆ ಒಂದು ಶಿಬಿರ ಮಾಡುವ ಯೋಚನೆ ಇದೆ. ಹನ್ನೊಂದನೇ ಕ್ಲಾಸಿಗೆ ಕಾಲೇಜು ಮೆಟ್ಟಿಲು ಹತ್ತುವ ಮೊದಲು ತಯಾರಿ ಮಾಡಿಸುವುದು ಉದ್ದೇಶ. 36 ಮಕ್ಕಳು, ಹೆಚ್ಚಿನವರು ಇಂಗ್ಲಿಷ್ ಮೀಡಿಯಂ, ಹತ್ತು-ಹನ್ನೆರಡು ಮಂದಿ ಕನ್ನಡ ಮಾಧ್ಯಮ ಮತ್ತು ರಾತ್ರಿಶಾಲೆಯವರು. ಜಾಗ ಮುಂಬಯಿಯ ಮಾಟುಂಗಾ ಸ್ಟೇಷನ್ ಹತ್ತಿರ, ಒಂದು ಹಾಲ್, ಎರಡು ಕೋಣೆ.

ಈಗಿನ ಕರಡು: ಮೇ ತಿಂಗಳಲ್ಲಿ ಎಂಟು ದಿನ, ಬೆಳಿಗ್ಗೆ 9ರಿಂದ 1. ಉದ್ಘಾಟನೆ ಎರಡೂವರೆ ಗಂಟೆ, ಸಮಾರೋಪ ಮತ್ತು ಸನ್ಮಾನ ಮೂರು ಗಂಟೆ. ವೈದ್ಯರು, ಸಿಎ, ಇಂಜಿನಿಯರ್ ಮುಂತಾದ ಆರು ಅತಿಥಿಗಳಿಂದ ತಲಾ ಒಂದೂವರೆ ಗಂಟೆ ಮಾರ್ಗದರ್ಶನ. ದಿನಾ ಅರ್ಧ ಗಂಟೆ ಯೋಗ, ಅರ್ಧ ಗಂಟೆ ಚಹಾ-ತಿಂಡಿ. ಉಳಿದ ಸಮಯದಲ್ಲಿ ವ್ಯಕ್ತಿತ್ವ ವಿಕಸನ. ಬಿಟ್ಟುಹೋದದ್ದು ಏನಾದರೂ ಇದ್ದರೆ ತಿಳಿಸಿ. ಖರ್ಚಿನ ಅಂದಾಜೂ ಬೇಕು.

ಕುರ್ಲಾ_ಲೋಕಲ್
ಒಟ್ಟು 32 ಗಂಟೆ. ಉದ್ಘಾಟನೆ, ಸಮಾರೋಪ ಸೇರಿ ಐದೂವರೆ. ಅತಿಥಿಗಳಿಗೆ ಒಂಬತ್ತು. ಯೋಗ ನಾಲ್ಕು, ತಿಂಡಿ ನಾಲ್ಕು. ಅಲ್ಲಿಗೆ ಇಪ್ಪತ್ತೆರಡೂವರೆ ಹೋಯಿತು. ಉಳಿದದ್ದು ಒಂಬತ್ತೂವರೆ ಗಂಟೆ, ಅದಕ್ಕೂ 'ವ್ಯಕ್ತಿತ್ವ ವಿಕಸನ' ಅಂತ ಹೆಸರು. ಕಾಲೇಜು ತಯಾರಿ ಎಲ್ಲಿದೆ ಸರ್? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಥಾಣೆ_ಅಕ್ಕ
ಲೆಕ್ಕ ಆಮೇಲೆ ಮಾಡುವ. ಮೊದಲು ತಾರೀಕು ನೋಡಿ. ಮೇ ತಿಂಗಳಲ್ಲಿ ಮುಂಬಯಿಯ ನಮ್ಮವರ ಮಕ್ಕಳು ಇರುವುದು ಊರಲ್ಲಿ. ಮತ್ಸ್ಯಗಂಧ ರೈಲಿಗೆ ಟಿಕೇಟು ಎರಡು ತಿಂಗಳ ಮೊದಲೇ ಬುಕ್ ಆಗಿರುತ್ತದೆ, ನಿಮ್ಮ ಶಿಬಿರಕ್ಕಾಗಿ ಯಾರೂ ಕ್ಯಾನ್ಸಲ್ ಮಾಡುವುದಿಲ್ಲ ಮಾರಾಯ್ರೆ. 36 ಹೆಸರು ಬರೆಸಿದರೆ 15 ಮಂದಿ ಬರಬಹುದು.

ಎರಡು ಭಾಗ ಮಾಡಿ. ಎಸ್ಸೆಸ್ಸಿ (ಇಲ್ಲಿನ ಹತ್ತನೇ) ಪರೀಕ್ಷೆ ಮಾರ್ಚಿಗೆ ಮುಗಿಯುತ್ತದೆ. ಏಪ್ರಿಲ್ ಮೊದಲ ವಾರ ಐದು ದಿನ, ಆಗ ಎಲ್ಲರೂ ಇಲ್ಲೇ ಇರುತ್ತಾರೆ. ಉಳಿದ ಮೂರು ದಿನ ಫಲಿತಾಂಶ ಬಂದ ಮೇಲೆ. ಫಲಿತಾಂಶ 2024ರಲ್ಲಿ ಮೇ 27ಕ್ಕೆ ಬಂತು, 2025ರಲ್ಲಿ ಮೇ 13ಕ್ಕೆ. ಹಾಗಾಗಿ ಎರಡನೇ ಭಾಗದ ತಾರೀಕು ಈಗಲೇ ಬ್ಯಾನರಿನಲ್ಲಿ ಹಾಕಿಸಬೇಡಿ. 'ಫಲಿತಾಂಶದ ನಂತರದ ಮೊದಲ ಶುಕ್ರ, ಶನಿ, ಭಾನುವಾರ' ಎಂದು ಬರೆದರೆ ಸಾಕು.

ಕುರ್ಲಾ_ಲೋಕಲ್
ಇದಕ್ಕೆ ನನ್ನದೂ ಒಪ್ಪಿಗೆ. ಬ್ಯಾನರೇ ಬೇಡ ಅಂತಲೂ ಸೇರಿಸಿ.

ಫಾರ್ಮ್_ಮೇಷ್ಟ್ರು
ಎರಡು ಭಾಗ ಮಾಡುವುದರಿಂದ ಇನ್ನೊಂದು ದೊಡ್ಡ ಲಾಭ ಇದೆ: ಕಾಗದಪತ್ರ. ಏಪ್ರಿಲಿನಲ್ಲಿ ತಪ್ಪು ಹಿಡಿದರೆ ಸರಿಪಡಿಸಲು ಐದಾರು ವಾರ ಸಿಗುತ್ತದೆ. ಫಲಿತಾಂಶದ ವಾರದಲ್ಲಿ ಸರ್ಕಾರಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಸೇತು ಕೇಂದ್ರಗಳ ಮುಂದೆ ಸಾಲು ಬೀದಿಗೆ ಬಂದಿರುತ್ತದೆ. ತಹಶೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರವಾಗಲಿ, ಡೊಮಿಸೈಲ್ (ವಾಸಸ್ಥಳ ಪ್ರಮಾಣಪತ್ರ) ಆಗಲಿ, ಕಡಿಮೆಯೆಂದರೆ ಎರಡು-ಮೂರು ವಾರ ಕೈಯಲ್ಲಿ ಇಟ್ಟುಕೊಂಡೇ ಅರ್ಜಿ ಹಾಕಬೇಕು.

ಮೊದಲ ದಿನವೇ ಪ್ರತಿ ಮಗು ತರಬೇಕಾದದ್ದು: ಆಧಾರ್, ಜನನ ಪ್ರಮಾಣಪತ್ರ, ಹತ್ತನೇ ಹಾಲ್ ಟಿಕೆಟ್, ಒಂಬತ್ತನೇ ಪ್ರಗತಿಪತ್ರ, ಇದ್ದರೆ ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ನಮ್ಮವರಲ್ಲಿ ಎಡವಟ್ಟು ಆಗುವುದು ಇಲ್ಲೇ. ಮಹಾರಾಷ್ಟ್ರ ಬೋರ್ಡಿನ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಮಗುವಿನ ಹೆಸರು, ಆಮೇಲೆ ತಂದೆಯ ಹೆಸರು, ತಾಯಿಯ ಹೆಸರು ಬೇರೆ ಸಾಲಿನಲ್ಲಿ. ಊರಲ್ಲಿ ಮಾಡಿಸಿದ ಆಧಾರಿನಲ್ಲಿ ಬರೀ ಇನಿಶಿಯಲ್ ಇರುತ್ತದೆ. ಮೈಸೂರು, ಹಾಸನ ಕಡೆಯವರಿಗೆ ಅಡ್ಡಹೆಸರೇ ಇರುವುದಿಲ್ಲ, ಶಾಲೆಯವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಆ ಜಾಗಕ್ಕೆ ತುಂಬಿರುತ್ತಾರೆ. ಒಂದೇ ಹುಡುಗನಿಗೆ ಮೂರು ಕಾಗದದಲ್ಲಿ ಮೂರು ಹೆಸರು. ಹನ್ನೊಂದನೇ ಪ್ರವೇಶ ಹೇಗೋ ಆಗಿಬಿಡುತ್ತದೆ. ತೊಂದರೆ ಆಗುವುದು ಮುಂದೆ, ಮಹಾಡಿಬಿಟಿ (ಮಹಾರಾಷ್ಟ್ರ ಸರ್ಕಾರದ ಪೋರ್ಟಲ್) ಸ್ಕಾಲರ್‌ಶಿಪ್ಪಿನ ಹಣ ಆಧಾರ್ ಜೋಡಿಸಿದ ಖಾತೆಗೆ ಬರಬೇಕಾದಾಗ.

ಇನ್ನೊಂದು. 15 ತುಂಬಿದ ಮೇಲೆ ಆಧಾರಿನ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. 15ರಿಂದ 17ರ ಒಳಗೆ ಮಾಡಿಸಿದರೆ ಉಚಿತ. ಶಿಬಿರಕ್ಕೆ ಬರುವವರೆಲ್ಲ ಸರಿಯಾಗಿ ಇದೇ ವಯಸ್ಸಿನವರು. ಕೇಳಿ ನೋಡಿ, ಅರ್ಧಕ್ಕರ್ಧ ಮಂದಿ ಮಾಡಿಸಿರುವುದಿಲ್ಲ.

ಮಾಟುಂಗಾ_ಕಾರ್ಯದರ್ಶಿ
ಮೇಷ್ಟ್ರೇ, ಇದು ನಮ್ಮ ಕರಡಿನಲ್ಲಿ ಇರಲೇ ಇಲ್ಲ. ಊರಿನಲ್ಲಿ ಮಾಡಿಸಿದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುತ್ತದಾ? ತುಂಬ ಪೋಷಕರು ಕೇಳುತ್ತಾರೆ.

ಫಾರ್ಮ್_ಮೇಷ್ಟ್ರು
ಮಹಾರಾಷ್ಟ್ರದ ಮೀಸಲು ಸೀಟಿಗೆ ಕರ್ನಾಟಕದ ಪ್ರಮಾಣಪತ್ರ ನಡೆಯುವುದಿಲ್ಲ. ಇಲ್ಲಿನದೇ ಬೇಕು, ಅದಕ್ಕೆ ಕುಟುಂಬ ಒಂದು ನಿಗದಿತ ದಿನಕ್ಕಿಂತ ಮೊದಲೇ ಇಲ್ಲಿ ನೆಲೆಸಿದ್ದ ದಾಖಲೆ ಬೇಕು. ಎಸ್‌ಸಿಗೆ 1950ರ ಆಗಸ್ಟ್ 10, ಎಸ್‌ಟಿಗೆ 1950ರ ಸೆಪ್ಟೆಂಬರ್ 6, ವಿಜೆಎನ್‌ಟಿಗೆ (ವಿಮುಕ್ತ ಜಾತಿ, ಅಲೆಮಾರಿ ಬುಡಕಟ್ಟು) 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13. ಅಜ್ಜ ಮುಂಬಯಿಯಲ್ಲಿ ಓದಿದ ಶಾಲೆಯ ದಾಖಲೆ, ಹಳೆಯ ಬಾಡಿಗೆ ಚೀಟಿ, ಗಿರಣಿಯ ನೌಕರಿ ಕಾಗದ, ಇಂಥದ್ದೇನಾದರೂ ಇದ್ದರೆ ಹುಡುಕಿಸಿ. ಎಪ್ಪತ್ತರ ದಶಕದಲ್ಲಿ ಹೋಟೆಲ್ ಕೆಲಸಕ್ಕೆ ಬಂದವರ ಮೊಮ್ಮಕ್ಕಳಾದರೆ ಓಪನ್ ಕೆಟಗರಿ ಎಂದೇ ಲೆಕ್ಕ ಹಾಕಿ ಕಾಲೇಜುಗಳ ಆಯ್ಕೆಪಟ್ಟಿ ಮಾಡಿಸಿ. ಮಗುವಿಗೆ ಸುಳ್ಳು ಭರವಸೆ ಕೊಡಬೇಡಿ.

ಮೀರಾರೋಡ್_ಮಳೆ
ಭಾಷಾ ಅಲ್ಪಸಂಖ್ಯಾತ ಕೋಟಾ ಮರೆತಿರಾ? ಕನ್ನಡ ಸಂಸ್ಥೆಗಳ ಕಾಲೇಜುಗಳು ಮುಂಬಯಿಯಲ್ಲೂ ಪುಣೆಯಲ್ಲೂ ಇವೆ.

ಫಾರ್ಮ್_ಮೇಷ್ಟ್ರು
ಮರೆತಿಲ್ಲ, ಬರುತ್ತಿದ್ದೆ. ಅಲ್ಪಸಂಖ್ಯಾತ ಸಂಸ್ಥೆಯಲ್ಲಿ 50 ಶೇಕಡಾ ಸೀಟು ಆಯಾ ಭಾಷೆ ಅಥವಾ ಧರ್ಮದವರಿಗೆ. ಅದಕ್ಕೆ ಆಧಾರ ಶಾಲೆಯ ಲೀವಿಂಗ್ ಸರ್ಟಿಫಿಕೇಟಿನ 'ಮಾತೃಭಾಷೆ' ಕಾಲಂ. ಒಂದನೇ ಕ್ಲಾಸಿಗೆ ಸೇರಿಸುವಾಗ ಯಾರೋ ಹಿಂದಿ ಎಂದೋ ಮರಾಠಿ ಎಂದೋ ಬರೆಸಿದ್ದರೆ ಈಗ ಅದೇ ಅಚ್ಚಾಗಿ ಬರುತ್ತದೆ. ಏಪ್ರಿಲಿನಲ್ಲೇ ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಏನಿದೆ ಎಂದು ಕೇಳಿಸಿ. ತುಳು, ಕೊಂಕಣಿ ಎಂದಿರುವವರು ಆ ಕಾಲೇಜು ಒಪ್ಪುತ್ತದೋ ಇಲ್ಲವೋ ಮೊದಲೇ ವಿಚಾರಿಸಲಿ. ಅಲ್ಲೇ ಹತ್ತನೇ ಓದಿದ್ದರೆ ಇನ್‌ಹೌಸ್ ಕೋಟಾ 10 ಶೇಕಡಾ ಬೇರೆ.

ಪುಣೆ_ಪಾರಿಜಾತ
ಕಾಗದಪತ್ರದಲ್ಲೇ ಮುಳುಗಬೇಡಿ. ಮಕ್ಕಳು ನಿಜವಾಗಿ ಕಂಗಾಲಾಗುವುದು ಕಾಲೇಜಿನ ಮೊದಲ ತಿಂಗಳು, ತರಗತಿಯ ಒಳಗೆ. ಶಾಲೆಯಲ್ಲಿ ಟೀಚರ್ 'ಬರೆದುಕೊಳ್ಳಿ' ಎಂದು ಹೇಳಿ ಬರೆಸುತ್ತಿದ್ದರು. ಇಲ್ಲಿ ನೂರು ಮಂದಿಯ ಕ್ಲಾಸು, ಹೇಳುವವರು ಹೇಳಿಕೊಂಡು ಹೋಗುತ್ತಾರೆ. ಮಗು ಪೆನ್ನು ಹಿಡಿದು ಕಾಯುತ್ತಾ ಕೂತಿರುತ್ತದೆ.

ದಿನಾ 50 ನಿಮಿಷ ಇದಕ್ಕೇ ಇಡಿ. ಬಾಲಭಾರತಿಯ (ರಾಜ್ಯದ ಪಠ್ಯಪುಸ್ತಕ ಮಂಡಳಿ) ಹನ್ನೊಂದನೇ ಪುಸ್ತಕದ ಪಿಡಿಎಫ್ ಉಚಿತವಾಗಿ ಸಿಗುತ್ತದೆ, ಅದರಿಂದಲೇ ಪಾಠ ಆರಿಸಿ. 20 ನಿಮಿಷ ಇಂಗ್ಲಿಷಿನಲ್ಲಿ ಪಾಠ, ಸ್ಲೈಡ್ ಇಲ್ಲ, ಡಿಕ್ಟೇಷನ್ ಇಲ್ಲ, ಬೋರ್ಡಿನ ಮೇಲೆ ಐದಾರು ಪದ ಮಾತ್ರ. ಪುಟದ ಎಡಗಡೆ ಮೂರನೇ ಒಂದು ಭಾಗ ಮಡಚಿ ಖಾಲಿ ಬಿಡಿಸಿ. ಪಾಠ ಮುಗಿದ ಮೇಲೆ 10 ನಿಮಿಷ ಪಕ್ಕದವರ ಪುಸ್ತಕದೊಂದಿಗೆ ಹೋಲಿಸಿ ಬಿಟ್ಟುಹೋದದ್ದನ್ನು ಸೇರಿಸುವುದು. ಇನ್ನು 10 ನಿಮಿಷದಲ್ಲಿ ಆ ಖಾಲಿ ಭಾಗದಲ್ಲಿ ಪ್ರಶ್ನೆಗಳನ್ನು ಬರೆಯುವುದು. ಕೊನೆಯ 10 ನಿಮಿಷ, ಹಿಂದಿನ ದಿನದ ಪಾಠದ ಮೇಲೆ ನೋಟ್ಸ್ ನೋಡದೆ ಐದು ಪ್ರಶ್ನೆ.

ಮೊದಲ ದಿನ ನಿಧಾನವಾಗಿ ಮಾತಾಡಿ, ನಾಲ್ಕನೇ ದಿನಕ್ಕೆ ಮಾಮೂಲಿ ಕಾಲೇಜಿನ ವೇಗಕ್ಕೆ ಬನ್ನಿ. ಸಾಮಾನ್ಯವಾಗಿ ಕಾಣುವ ತಪ್ಪು ಎರಡು. ಒಂದು, ಪೂರ್ತಿ ವಾಕ್ಯ ಬರೆಯಲು ಹೋಗಿ ಎರಡನೇ ವಾಕ್ಯ ತಪ್ಪಿಸಿಕೊಳ್ಳುವುದು. ಇನ್ನೊಂದು, ಗೊತ್ತಿಲ್ಲದ ಪದ ಬಂದ ತಕ್ಷಣ ಅಲ್ಲೇ ನಿಂತುಬಿಡುವುದು. ಕೇಳಿಸಿದ ಹಾಗೆ ಕನ್ನಡದಲ್ಲೋ ದೇವನಾಗರಿಯಲ್ಲೋ ಬರೆದು ಸುತ್ತ ವೃತ್ತ ಹಾಕಿ ಮುಂದೆ ಹೋಗಲು ಕಲಿಸಿ.

ಪುಣೆ_ಪಾರಿಜಾತ
ಸೇರಿಸಲು ಮರೆತೆ. ಸೈನ್ಸ್ ತೆಗೆದುಕೊಳ್ಳುವವರಿಗೆ ಬೇರೆ ಎರಡು ಗಂಟೆ ಕೊಡಿ. ಹನ್ನೊಂದನೇ ಫಿಸಿಕ್ಸಿನ ಎರಡನೇ ಪಾಠವೇ ಮ್ಯಾಥಮ್ಯಾಟಿಕಲ್ ಮೆಥಡ್ಸ್. ವೆಕ್ಟರ್, ಡೆರಿವೇಟಿವ್ ಎಲ್ಲ ಗಣಿತದ ಕ್ಲಾಸಿನಲ್ಲಿ ಬರುವ ಮೊದಲೇ ಅಲ್ಲಿ ಬಂದುಬಿಡುತ್ತದೆ. ಗ್ರಾಫಿನ ಇಳಿಜಾರು, ಸೈನ್ ಕೊಸೈನ್ ಇಷ್ಟು ಗಟ್ಟಿ ಮಾಡಿಸಿದರೂ ಜುಲೈ ತಿಂಗಳು ದಾಟುತ್ತಾರೆ.

ಗಿರಗಾಂವ್_ಗಿಡ್ಡ
ಇಂಗ್ಲಿಷ್ ಪಾಠ, ಇಂಗ್ಲಿಷ್ ನೋಟ್ಸ್... ಹಾಗಾದರೆ ಕನ್ನಡ ಸಂಘ ಯಾಕೆ ಮಾಡಬೇಕು ಇದನ್ನು? ಕೋಚಿಂಗ್ ಕ್ಲಾಸಿನವರೇ ಮಾಡಲಿ.

ಥಾಣೆ_ಅಕ್ಕ
ಯಾಕೆಂದರೆ ಕೋಚಿಂಗ್ ಕ್ಲಾಸಿನವರು ಅಜ್ಜನ ಬಾಡಿಗೆ ಚೀಟಿ ಹುಡುಕಿ ಕೊಡುವುದಿಲ್ಲ.

ಪುಣೆ_ಪಾರಿಜಾತ
ಗಿಡ್ಡ ಅವರೇ, ಮಾತು ಕನ್ನಡದಲ್ಲೇ ಇರಲಿ, ಯಾರು ಬೇಡ ಅಂದರು? ಆದರೆ ಕೈಗೆ ಕೊಡುವ ಹಾಳೆ ಇಂಗ್ಲಿಷಿನಲ್ಲಿರಬೇಕು. ಇಂಗ್ಲಿಷ್ ಮೀಡಿಯಮ್ಮಿನವರಲ್ಲಿ ಬಹಳ ಮಂದಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಕನ್ನಡ ಮಾಧ್ಯಮದವರಿಗೆ ವಿಷಯ ಗೊತ್ತು, ಇಂಗ್ಲಿಷ್ ಹೆಸರು ಗೊತ್ತಿಲ್ಲ. ಒಬ್ಬೊಬ್ಬರನ್ನು ಜೋಡಿ ಮಾಡಿ ಕೂರಿಸಿದರೆ ಇಬ್ಬರಿಗೂ ಕೆಲಸ.

ವಾಸ್ಕೋ_ವಿಜಯಪುರ
ನಮ್ಮ ಗೋವಾದಾಗ ಲೆಕ್ಕ ಬ್ಯಾರೆ ಐತ್ರಿ. 2025ರಿಂದ ಪ್ರೌಢಶಾಲಿ ಏಪ್ರಿಲ್‌ದಾಗ ಚಾಲೂ ಆಗತಾವ. ಹತ್ತನೇತ್ತ ಮುಗಿಸಿದ ಹುಡುಗ್ರು ಖಾಲಿ ಇರ್ತಾರ, ಖರೆ, ಆದ್ರ ಶಾಲಿ ಕ್ವಾಣಿ ಖಾಲಿ ಇರೂದಿಲ್ಲ, ಮಾಸ್ತರೂ ಸಿಗೂದಿಲ್ಲ. ಅದಕ್ಕ ಮಧ್ಯಾಹ್ನ 3ರ ಮ್ಯಾಲೆ ಇಡಬೇಕು. ಇಲ್ಲಿ ಹನ್ನೊಂದನೇಕ್ಕ ಮುಂಬೈ ಹಂಗ ಒಂದ ಪೋರ್ಟಲ್ ಇಲ್ರಿ, ಒಂದೊಂದ ಹೈಯರ್ ಸೆಕೆಂಡರಿಗೂ ಹೋಗಿ ಫಾರ್ಮ್ ತರಬೇಕು. ಬೈನಾ, ಝುವಾರಿನಗರ ಕಡೆ ಹುಡುಗ್ರ ಅಪ್ಪ-ಅವ್ವ ಇಬ್ರೂ ದುಡಿಯಾಕ ಹೋಗಿರ್ತಾರ, ಫಾರ್ಮ್ ತರಾಕ ಯಾರೂ ಇರೂದಿಲ್ಲ. ಅದಕ್ಕ ಶಿಬಿರದ ಒಂದ ದಿನ ಹುಡುಗ್ರನ್ನ ಕರಕೊಂಡು ಮೂರ ಕಡೆ ಫಾರ್ಮ್ ತರೂದ ಛಲೋ.

ಕುರ್ಲಾ_ಲೋಕಲ್
ಹನ್ನೆರಡನೇ ಮುಗಿಸಿದವರನ್ನೂ ಸೇರಿಸಬಾರದಾ? ಸಿಇಟಿ, ನೀಟ್ ಎಲ್ಲ ಇದೆಯಲ್ಲ.

ಫಾರ್ಮ್_ಮೇಷ್ಟ್ರು
ಬೇಡ. ಅವರಿಗೆ ಏಪ್ರಿಲ್-ಮೇ ಪರೀಕ್ಷೆಯ ಕಾಲ, ಅವಶ್ಯಕತೆಯೂ ಬೇರೆ. ಒಂದು ಭಾನುವಾರ ಪೋಷಕರ ಜೊತೆ ಮೂರು ಗಂಟೆ ಇಡಿ, ಸಾಕು. ಹತ್ತನೆಯವರಿಗೆ ಹೇಳಬೇಕಾದ್ದು ಇಷ್ಟೇ: ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿಯಲ್ಲಿ 20 ಶೇಕಡಾ ಪ್ರಶ್ನೆ ಹನ್ನೊಂದನೇ ಪಾಠದಿಂದಲೇ ಬರುತ್ತದೆ. 'ಹನ್ನೊಂದನೇ ಅಂದರೆ ರೆಸ್ಟ್ ಇಯರ್' ಎನ್ನುವ ಸೀನಿಯರುಗಳ ಮಾತು ಕೇಳಬೇಡಿ ಎಂದು.

ಮೀರಾರೋಡ್_ಮಳೆ
ಹಾಗೆಯೇ ಹೊರನಾಡು ಕನ್ನಡಿಗರಿಗೆ ಕರ್ನಾಟಕದಲ್ಲಿ ಸೀಟು ಇದೆ ಎಂದು ಹೇಳಿ. ಕನ್ನಡ ಗೊತ್ತಿದ್ದರೆ ಹನ್ನೊಂದನೇಗೇ ಬೆಂಗಳೂರಲ್ಲಿ ಸೇರಬಹುದು.

ಫಾರ್ಮ್_ಮೇಷ್ಟ್ರು
ಸ್ವಲ್ಪ ತಿದ್ದುತ್ತೇನೆ. ಅದು ಹನ್ನೊಂದನೇಗೆ ಅಲ್ಲ. ಹನ್ನೆರಡರ ನಂತರ ಕೆಸಿಇಟಿ (ಕರ್ನಾಟಕದ ಸಿಇಟಿ) ಮೂಲಕ ಹೋಗುವ ವೃತ್ತಿಪರ ಕೋರ್ಸುಗಳಿಗೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಗಡಿನಾಡಿನವರದು ಬೇರೆ ಪಟ್ಟಿ: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಅದರಲ್ಲಿವೆ. ಮಾತಾಡಲು ಬಂದರೆ ಸಾಲದು, ಬರೆಯಲು ಬರಬೇಕು. ಗಿಡ್ಡ ಅವರ ಕನ್ನಡದ ಆಸೆಗೆ ಇಲ್ಲೊಂದು ಜಾಗ ಇದೆ. ದಿನಾ 20 ನಿಮಿಷ ಕನ್ನಡ ಓದು-ಬರಹ ಇಡಿ. ಎರಡು ವರ್ಷದ ಮೇಲೆ ಉಪಯೋಗಕ್ಕೆ ಬರುತ್ತದೆ.

ಗಿರಗಾಂವ್_ಗಿಡ್ಡ
ಯೋಗದ ಅರ್ಧ ಗಂಟೆ ತೆಗೆದು ಇದನ್ನು ಹಾಕಿ. ನಾನೇ ಬಂದು ಕಲಿಸುತ್ತೇನೆ.

ಲೆಕ್ಕದ_ಪುಸ್ತಕ
ವಿಷಯ ಆಯ್ಕೆ ಬಗ್ಗೆ ಯಾರೂ ಮಾತಾಡಿಲ್ಲ. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ಮೂರು ಪೆಟ್ಟಿಗೆ ತೋರಿಸಿ ಬಿಡುತ್ತಾರೆ. ಒಳಗಿನ ಸಣ್ಣ ಬಾಗಿಲುಗಳೇ ಮುಖ್ಯ. ಸೈನ್ಸಿನಲ್ಲಿ ಗಣಿತ ಬಿಟ್ಟರೆ ಇಂಜಿನಿಯರಿಂಗ್ ಕಡೆಗೆ ಹೋಗಲು ಕಷ್ಟ, ಬಯಾಲಜಿ ಬಿಟ್ಟರೆ ನೀಟ್ ಇಲ್ಲ. ಕಾಮರ್ಸಿನಲ್ಲಿ ಮ್ಯಾಥ್ಸ್ ಮತ್ತು ಎಸ್‌ಪಿ (ಸೆಕ್ರೆಟೇರಿಯಲ್ ಪ್ರಾಕ್ಟೀಸ್) ನಡುವೆ ಆರಿಸುವಾಗ ಗೆಳೆಯ ಏನು ಆರಿಸಿದ ಎಂದು ನೋಡುತ್ತಾರೆ. ಮುಂದೆ ಅಂಕಿಅಂಶ, ಅರ್ಥಶಾಸ್ತ್ರ ಓದುವ ಆಸೆ ಇದ್ದವರು ಆಗ ಕೈ ಹಿಸುಕಿಕೊಳ್ಳುತ್ತಾರೆ. ಎರಡನೇ ಭಾಷೆಯ ಬದಲು ಐಟಿ ತೆಗೆದುಕೊಳ್ಳುವುದಿದೆ, ಎಲ್ಲ ಕಾಲೇಜಿನಲ್ಲೂ ಇಲ್ಲ. ಬೈಫೋಕಲ್ (ವೃತ್ತಿಪರ ವಿಷಯ) ಬೇಕೆಂದರೆ ಅದರ 200 ಅಂಕ ಎರಡನೇ ಭಾಷೆ ಮತ್ತು ಇನ್ನೊಂದು ವಿಷಯದ ಜಾಗಕ್ಕೆ ಬರುತ್ತದೆ. ಹುಡುಗ ಯಾವ ವಿಷಯ ಬಿಡುತ್ತಿದ್ದಾನೆ ಎಂದು ಅವನ ಬಾಯಲ್ಲೇ ಹೇಳಿಸಿ.

ಅತಿಥಿಗಳನ್ನು ಕರೆಯಲೇಬೇಕೆಂದರೆ ದೊಡ್ಡ ಡಾಕ್ಟರ್ ಬೇಡ. ಈಗ ಹನ್ನೆರಡರಲ್ಲಿ ಓದುತ್ತಿರುವ ಐದು ಹುಡುಗ-ಹುಡುಗಿಯರನ್ನು ಕರೆಯಿರಿ, ತಲಾ 15 ನಿಮಿಷ. ಅಟೆಂಡೆನ್ಸ್ 75 ಶೇಕಡಾ ಅಂದರೆ ಏನು, ಪ್ರಾಕ್ಟಿಕಲ್ ಜರ್ನಲ್ ಹೇಗೆ ಬರೆಯಬೇಕು, ಪ್ರಾಕ್ಟಿಕಲ್ 30 ಅಂಕ ಎಲ್ಲಿ ಕಳೆಯುತ್ತದೆ ಎಂದು ಅವರೇ ಸರಿಯಾಗಿ ಹೇಳಬಲ್ಲರು.

ಮಾಟುಂಗಾ_ಕಾರ್ಯದರ್ಶಿ
ಅಧ್ಯಕ್ಷರಿಗೆ ಅತಿಥಿಗಳನ್ನು ಬಿಡಿಸುವುದು ಸುಲಭ ಅಲ್ಲ :) ಖರ್ಚು ಹೇಳಿ ಸರ್.

ಲೆಕ್ಕದ_ಪುಸ್ತಕ
ಹಾಲ್ ನಿಮ್ಮದೇ ಎಂದುಕೊಂಡು. ಸ್ವಯಂಸೇವಕರೂ ಸೇರಿ ಸುಮಾರು 40 ತಲೆ ಇಟ್ಟುಕೊಳ್ಳಿ. ತಿಂಡಿ-ಚಹಾ ತಲೆಗೆ 30 ರೂಪಾಯಿ, ಎಂಟು ದಿನಕ್ಕೆ 9,600. ನೋಟ್‌ಬುಕ್, ಪೆನ್ನು, ಪ್ಲಾಸ್ಟಿಕ್ ಫೋಲ್ಡರ್ 80ರಂತೆ 3,200. ತಲೆಗೆ 25 ಪುಟ ಜೆರಾಕ್ಸ್, ಎರಡು ರೂಪಾಯಿಯಂತೆ 2,000. ಐದು ಸ್ವಯಂಸೇವಕರಿಗೆ ದಿನಕ್ಕೆ ನೂರರಂತೆ ಓಡಾಟದ ಖರ್ಚು 4,000. ಮೇಲಿಂದ 2,000 ಕೈಯಲ್ಲಿರಲಿ. ಒಟ್ಟು 20,800. ಶಾಲು, ಹಾರ, ಸ್ಮರಣಿಕೆ ಇದರಲ್ಲಿ ಇಲ್ಲ. ಅವನ್ನು ಸೇರಿಸಿದರೆ ಸುಲಭದಲ್ಲಿ 35 ಸಾವಿರ ದಾಟುತ್ತದೆ.

ಮಕ್ಕಳಿಂದ 200 ರೂಪಾಯಿ ಠೇವಣಿ ತೆಗೆದುಕೊಂಡು ಎಂಟೂ ದಿನ ಬಂದವರಿಗೆ ವಾಪಸ್ ಕೊಡಿ. ಪೂರ್ತಿ ಉಚಿತ ಅಂದರೆ ಮೂರನೇ ದಿನಕ್ಕೆ ಅರ್ಧ ಖಾಲಿ.

ಮೀರಾರೋಡ್_ಮಳೆ
30 ರೂಪಾಯಿಗೆ ಮಾಟುಂಗಾದಲ್ಲಿ ಏನು ಸಿಗುತ್ತದೆ? ಇಡ್ಲಿಯ ವಾಸನೆ?

ಥಾಣೆ_ಅಕ್ಕ
ಹೋಟೆಲಿಂದ ತಂದರೆ ಸಿಗುವುದಿಲ್ಲ. ಮಹಿಳಾ ವಿಭಾಗದವರು ಮಾಡಿದರೆ ಧಾರಾಳ. ಅವಲಕ್ಕಿ, ಉಪ್ಪಿಟ್ಟು, ಕಾಂದಾಪೋಹೆ. ತೆಂಗಿನಕಾಯಿ ಚಟ್ನಿ ಮಾತ್ರ ಬೇಡ, ಆ ಸೆಕೆಗೆ ಹನ್ನೊಂದು ಗಂಟೆಯೊಳಗೆ ಹುಳಿಯಾಗುತ್ತದೆ. ನೀರಿಗೆ 20 ಲೀಟರಿನ ಕ್ಯಾನ್ ದಿನಕ್ಕೆ ಮೂರು ಇಡಿ, ಎರಡು ಸಾಲುವುದಿಲ್ಲ.

ಗಿರಗಾಂವ್_ಗಿಡ್ಡ
ವಡಾಪಾವ್ ಕೊಡಿ, ಮಕ್ಕಳು ಬರುತ್ತಾರೆ.

ಸಾಕಿನಾಕಾ_ಶಿಫ್ಟ್
ರಾತ್ರಿಶಾಲೆಯ ಮಕ್ಕಳ ಬಗ್ಗೆ ಮೊದಲ ಪೋಸ್ಟಿನಲ್ಲಿ ಒಂದು ಸಾಲು ಇತ್ತು, ಆಮೇಲೆ ಎಲ್ಲರೂ ಮರೆತರು. ಬೆಳಿಗ್ಗೆ 9ರಿಂದ 1 ಹೋಟೆಲಿನಲ್ಲಿ ಅತಿ ಜೋರು ವ್ಯಾಪಾರದ ಹೊತ್ತು. ಅವರಿಗೆ ಬಿಡುವು ಸಿಗುವುದು ಮಧ್ಯಾಹ್ನ ಮೂರೂವರೆಯಿಂದ ಐದೂವರೆ. ಅದೇ ಹೊತ್ತಿನಲ್ಲಿ ಎರಡು ಗಂಟೆಯ ಬೇರೆ ತಂಡ ಮಾಡಿ, ಬರೀ ನೋಟ್ಸ್ ಮತ್ತು ಕಾಗದಪತ್ರ. ಮಾಲೀಕರಿಗೆ ಸಂಘದ ಪತ್ರ ಕೊಟ್ಟರೆ ಎಂಟು ದಿನ ಬಿಡುತ್ತಾರೆ, ನಮ್ಮವರೇ ಅಲ್ಲವೇ. ಇನ್ನು, ಒಂದು-ಎರಡು ವಿಷಯ ಫೇಲಾದರೂ ಎಟಿಕೆಟಿಯಲ್ಲಿ (ಬಾಕಿ ವಿಷಯ ಆಮೇಲೆ ಪಾಸು ಮಾಡುವ ಷರತ್ತಿನ ಮೇಲೆ) ಹನ್ನೊಂದನೇಗೆ ಸೇರಬಹುದು ಎಂಬುದು ಇವರಲ್ಲಿ ತುಂಬ ಮಂದಿಗೆ ಗೊತ್ತಿಲ್ಲ. ಫೇಲ್ ಅಂದ ಕೂಡಲೇ ಪೂರ್ಣಾವಧಿ ಕೆಲಸಕ್ಕೆ ನಿಂತುಬಿಡುತ್ತಾರೆ. ಫಲಿತಾಂಶದ ದಿನವೇ ಅವರಿಗೆ ಫೋನ್ ಮಾಡುವ ಜವಾಬ್ದಾರಿ ಒಬ್ಬರಿಗೆ ಕೊಡಿ.

ಮಾಟುಂಗಾ_ಕಾರ್ಯದರ್ಶಿ
ಮಧ್ಯಾಹ್ನದ ತಂಡ ಖಂಡಿತ ಮಾಡುತ್ತೇವೆ. ಫಲಿತಾಂಶದ ನಂತರದ ಮೂರು ದಿನ ಹೇಗೆ ನಡೆಸುವುದು?

ಫಾರ್ಮ್_ಮೇಷ್ಟ್ರು
ಮೊದಲ ದಿನ ಆಯ್ಕೆಪಟ್ಟಿ ಕಾಗದದ ಮೇಲೆ. ಹನ್ನೊಂದನೇ ಪ್ರವೇಶದ ಪೋರ್ಟಲಿನಲ್ಲಿ ಒಂದರಿಂದ ಹತ್ತು ಕಾಲೇಜು ಕೊಡಬಹುದು. ಬೆಸ್ಟ್ ಆಫ್ ಫೈವ್ (ಹೆಚ್ಚು ಅಂಕ ಬಂದ ಐದು ವಿಷಯ) ಶೇಕಡಾ ಹಿಡಿದು, ಹಿಂದಿನ ವರ್ಷದ ಕಟ್-ಆಫ್ ಇಟ್ಟುಕೊಂಡು, ಮೂರು ಕಾಲೇಜು ತಮ್ಮ ಅಂಕಕ್ಕಿಂತ ಮೇಲಿನವು, ನಾಲ್ಕು ಅಷ್ಟರಲ್ಲೇ ಇರುವವು, ಮೂರು ಖಚಿತ ಸಿಗುವವು. ಮೊದಲ ಆಯ್ಕೆಯ ಬಗ್ಗೆ ಹತ್ತು ಸಲ ಕೇಳಿ. ಅದೇ ಸಿಕ್ಕಿ ಸೇರದಿದ್ದರೆ ಮುಂದಿನ ಸಾಮಾನ್ಯ ಸುತ್ತುಗಳಿಂದ ಹೊರಗೆ. ಸುಮ್ಮನೆ ಹೆಸರುವಾಸಿ ಎಂದು ಡೊಂಬಿವಲಿಯ ಹುಡುಗಿ ಚರ್ಚ್‌ಗೇಟಿನ ಕಾಲೇಜನ್ನು ಮೊದಲು ಹಾಕಿ, ಸಿಕ್ಕ ಮೇಲೆ ಬೆಳಿಗ್ಗೆ ಏಳರ ಕ್ಲಾಸಿಗೆ ಹೋಗುವುದು ಹೇಗೆ ಎಂದು ಮನೆಯಲ್ಲಿ ಯೋಚನೆ ಶುರುವಾಗಬಾರದು.

ಎರಡನೇ ದಿನ ಆನ್‌ಲೈನ್. ಆರು ಲ್ಯಾಪ್‌ಟಾಪ್, ಒಂದು ಫಾರ್ಮಿಗೆ 25 ನಿಮಿಷ, ಅಂದರೆ 36 ಮಂದಿಗೆ ಎರಡೂವರೆ ಗಂಟೆ. ಓಟಿಪಿ ಬರುವ ಫೋನ್ ಅಪ್ಪನ ಹತ್ತಿರ ಇರುತ್ತದೆ, ಅಪ್ಪ ಕೆಲಸದಲ್ಲಿ. ಆ ಫೋನ್ ಸಮೇತ ಬನ್ನಿ ಎಂದು ಹಿಂದಿನ ರಾತ್ರಿ ಸಂದೇಶ ಹೋಗಬೇಕು. ದಾಖಲೆಗಳ ಫೋಟೋ ಏಪ್ರಿಲಿನಲ್ಲೇ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದು ಮಗುವಿನ ಹೆಸರಿನ ಫೋಲ್ಡರಿನಲ್ಲಿ ಇಟ್ಟಿರಿ. ಲಾಗಿನ್, ಪಾಸ್‌ವರ್ಡನ್ನು ಮಗು ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳಲಿ, ಸ್ವಯಂಸೇವಕರ ಫೋನಿನಲ್ಲಿ ಉಳಿಸಬೇಡಿ. ಕೊನೆಯ ದಿನಾಂಕದ ಸಂಜೆಗೆ ಇಡಲೇಬೇಡಿ, ಸೈಟ್ ತೆವಳುತ್ತದೆ.

ಮೂರನೇ ದಿನ ಉಳಿದುಹೋದವರಿಗೆ. ಯಾವಾಗಲೂ ಏಳೆಂಟು ಮಂದಿ ಇರುತ್ತಾರೆ.

ಕುರ್ಲಾ_ಲೋಕಲ್
ಮೂರನೇ ದಿನ ಮುಗಿಸಿದವರನ್ನು ರೈಲಿಗೆ ಕರೆದುಕೊಂಡು ಹೋಗಿ. ಶಾಲೆಗೆ ನಡೆದುಕೊಂಡು ಹೋದ ಮಕ್ಕಳು ಇವರು. ಬೆಳಿಗ್ಗೆ ಎಂಟೂವರೆಗೆ ದಾದರಿನ ಸೇತುವೆ ದಾಟಿಸಿ, ಸ್ಲೋ ಯಾವುದು ಫಾಸ್ಟ್ ಯಾವುದು ಎಂದು ಇಂಡಿಕೇಟರ್ ಓದಿಸಿ. ವಿದ್ಯಾರ್ಥಿ ಪಾಸಿಗೆ ಕಾಲೇಜಿನ ಕನ್ಸೆಷನ್ ಫಾರ್ಮ್ ಬೇಕು, ಅದು ಪ್ರವೇಶದ ದಿನವೇ ಸಿಗುವುದಿಲ್ಲ, ಅಲ್ಲಿಯವರೆಗೆ ಟಿಕೇಟಿಗೆ ದುಡ್ಡು ಇಟ್ಟುಕೊಳ್ಳಿ ಎಂದೂ ಹೇಳಿ. ಬಾಗಿಲಲ್ಲಿ ನೇತಾಡುವ ವಿಷಯಕ್ಕೆ ಐದು ನಿಮಿಷ ಗಟ್ಟಿಯಾಗಿ ಬೈಯಿರಿ.

ಪುಣೆ_ಪಾರಿಜಾತ
ಪುಣೆಯಲ್ಲಿ ರೈಲಿನ ಬದಲು ಪಿಎಂಪಿ ಬಸ್. ಉಳಿದದ್ದೆಲ್ಲ ಇದೇ. ಈ ಚರ್ಚೆಯನ್ನು ನಮ್ಮ ಗುಂಪಿಗೂ ಕಳಿಸುತ್ತಿದ್ದೇನೆ.

ಮಾಟುಂಗಾ_ಕಾರ್ಯದರ್ಶಿ
ಅಧ್ಯಕ್ಷರ ಜೊತೆ ಮಾತಾಡಿದೆ. ಏಪ್ರಿಲಿನಲ್ಲಿ ಐದು ದಿನ, ಫಲಿತಾಂಶದ ಮೇಲೆ ಮೂರು ದಿನ, ಮಧ್ಯಾಹ್ನದ ತಂಡ, ಎಲ್ಲಕ್ಕೂ ಒಪ್ಪಿದ್ದಾರೆ. ಉದ್ಘಾಟನೆ 30 ನಿಮಿಷಕ್ಕೆ ಇಳಿಯಿತು. ಸನ್ಮಾನ ಮಾತ್ರ ಬೇಕೇ ಬೇಕಂತೆ, ಅದನ್ನು ಆಗಸ್ಟಿನ ಪ್ರತಿಭಾ ಪುರಸ್ಕಾರಕ್ಕೆ ತಳ್ಳಿದ್ದೇನೆ. ಈಗ ನಾಲ್ಕು ಲ್ಯಾಪ್‌ಟಾಪ್ ಇವೆ, ಇನ್ನೆರಡು ಬೇಕು. ಯಾರಾದರೂ ಮೂರು ದಿನಕ್ಕೆ ಕೊಡುತ್ತೀರಾ?

ಲೆಕ್ಕದ_ಪುಸ್ತಕ
ನನ್ನದೊಂದು ಬರುತ್ತದೆ. ಬ್ಯಾಟರಿ ನಿಲ್ಲುವುದಿಲ್ಲ, ಎಕ್ಸ್‌ಟೆನ್ಷನ್ ಬೋರ್ಡ್ ಇಡಿ.

ಗಿರಗಾಂವ್_ಗಿಡ್ಡ
ಲ್ಯಾಪ್‌ಟಾಪ್ ಇಲ್ಲ. ವಡಾಪಾವಿನ ಖರ್ಚು ಒಂದು ದಿನದ್ದು ನನ್ನದು.